ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ಬರೆಯುವ ಬಗೆ: ಕಾನ್ಸಾಸ್ ತಂಡದ ನಿದರ್ಶನ

ಒಂದು ತಂಡದ ಚರಿತ್ರೆಯನ್ನು ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಪ್ರಶಸ್ತಿಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕೈಗೆತ್ತಿಕೊಂಡವರು ಈ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಲಾರೆನ್ಸ್ ಎಂಬ ಊರಿನ ಈ ತಂಡ ರಾಷ್ಟ್ರೀಯ ಚಾಂಪಿಯನ್ ಆದದ್ದು ನಾಲ್ಕು ಸಲವೋ, ಆರು ಸಲವೋ? 1952, 1988, 2008 ಮತ್ತು 2022ರಲ್ಲಿ ಅದು ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಟೂರ್ನಿಯನ್ನು ಗೆದ್ದಿತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ತಂಡವು 1922 ಮತ್ತು 1923ನ್ನೂ ತನ್ನ ರಾಷ್ಟ್ರೀಯ ಪ್ರಶಸ್ತಿಗಳ ಸಾಲಿನಲ್ಲಿಯೇ ಹೇಳಿಕೊಳ್ಳುತ್ತದೆ. ಆ ಕಾಲದಲ್ಲಿ ರಾಷ್ಟ್ರೀಯ ಟೂರ್ನಿಯೇ ಇರಲಿಲ್ಲ. ಎನ್‌ಸಿಎಎ ಟೂರ್ನಿ ಆರಂಭವಾದದ್ದು 1939ರಲ್ಲಿ. ಆ ಎರಡು ವರ್ಷಗಳ ಮನ್ನಣೆಯನ್ನು ಕೊಟ್ಟದ್ದು 1936ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಹೆಲ್ಮ್ಸ್ ಫೌಂಡೇಶನ್ ಎಂಬ ಸಂಸ್ಥೆ, ಅದೂ ಬಹಳ ವರ್ಷಗಳ ಅನಂತರ, ಹಿಂದಿನ ಋತುಗಳ ಫಲಿತಾಂಶಗಳನ್ನು ಹಿಂತಿರುಗಿ ನೋಡಿ. ಆದ್ದರಿಂದ "1922ರಲ್ಲಿ ಕಾನ್ಸಾಸ್ ರಾಷ್ಟ್ರೀಯ ಚಾಂಪಿಯನ್ ಆಯಿತು" ಎಂದು ಬರೆದರೆ ಸುಳ್ಳಾಗುವುದಿಲ್ಲವಾದರೂ, ಅಂದಿನ ಆಟಗಾರರು ಫೈನಲ್ ಆಡಿ ಕಪ್ ಎತ್ತಿದರೆಂಬ ಚಿತ್ರ ಓದುಗನ ಮನಸ್ಸಿನಲ್ಲಿ ಮೂಡಿ ಅವನ ದಾರಿ ತಪ್ಪುತ್ತದೆ.

ಇಲ್ಲಿಂದಲೇ ಈ ಕೆಲಸದ ಮುಖ್ಯ ನಿಯಮವನ್ನು ಹಿಡಿಯಬೇಕು. ಪ್ರತಿ ಅಂಕಿಯನ್ನೂ ಬರೆಯುವ ಮೊದಲು ಅದನ್ನು ಎಣಿಸಿದವರು ಯಾರು, ಯಾವಾಗ ಎಣಿಸಿದರು, ಆಗ ಆಟದ ನಿಯಮ ಏನಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಕಡೆ ಹೇಗೆ ಪ್ರಯೋಗಿಸಬೇಕೆಂಬುದರ ವಿವರಣೆ.

ಕಾಲರೇಖೆಯನ್ನು ತರಬೇತುದಾರರ ಮೇಲೆ ಕಟ್ಟಿರಿ

ಪ್ರಶಸ್ತಿಗಳ ಮೇಲೆ ಕಟ್ಟಿದ ಕಾಲರೇಖೆಯಲ್ಲಿ ದೊಡ್ಡ ದೊಡ್ಡ ಖಾಲಿ ಜಾಗಗಳು ಉಳಿಯುತ್ತವೆ. 1952ರಿಂದ 1988ರವರೆಗಿನ ಮೂವತ್ತಾರು ವರ್ಷಗಳಲ್ಲಿ ಏನೂ ನಡೆಯಲಿಲ್ಲವೇನೋ ಎಂದು ಅನ್ನಿಸಿಬಿಡುತ್ತದೆ. ಕಾನ್ಸಾಸ್‌ನ ವಿಷಯದಲ್ಲಿ ತರಬೇತುದಾರರ ಅವಧಿಗಳೇ ಒಳ್ಳೆಯ ಅಧ್ಯಾಯಗಳಾಗುತ್ತವೆ, ಏಕೆಂದರೆ ನೂರ ಇಪ್ಪತ್ತೈದು ವರ್ಷಗಳಲ್ಲಿ ಆ ಹುದ್ದೆಯಲ್ಲಿ ಕೂತವರು ಕೇವಲ ಎಂಟು ಮಂದಿ: ಜೇಮ್ಸ್ ನೈಸ್ಮಿತ್, ಫಾಗ್ ಆಲನ್, ವಿಲಿಯಂ ಹ್ಯಾಮಿಲ್ಟನ್, ಡಿಕ್ ಹಾರ್ಪ್, ಟೆಡ್ ಓವೆನ್ಸ್, ಲ್ಯಾರಿ ಬ್ರೌನ್, ರಾಯ್ ವಿಲಿಯಮ್ಸ್ ಮತ್ತು ಬಿಲ್ ಸೆಲ್ಫ್. ಆಲನ್ ಒಬ್ಬರೇ 1907ರಿಂದ 1909ರವರೆಗೆ ಒಮ್ಮೆ, 1919ರಿಂದ 1956ರವರೆಗೆ ಮತ್ತೊಮ್ಮೆ, ಒಟ್ಟು ಮೂವತ್ತೊಂಬತ್ತು ಋತುಗಳ ಕಾಲ ತಂಡವನ್ನು ನಡೆಸಿ 590 ಪಂದ್ಯಗಳನ್ನು ಗೆಲ್ಲಿಸಿದರು, 219ನ್ನು ಸೋತರು. ನಡುವಿನ ಹತ್ತು ವರ್ಷ ಹ್ಯಾಮಿಲ್ಟನ್ ಅವರದು. ಆಲನ್ ಮೊದಲ ಸಲ ಬಿಟ್ಟುಹೋದದ್ದು ಆಸ್ಟಿಯೋಪತಿ ವೈದ್ಯ ಪದ್ಧತಿಯನ್ನು ಕಲಿಯಲಿಕ್ಕೆ.

ಎಂಟು ಮಂದಿ ಎಂದು ಎಣಿಸುವಾಗಲೂ ಒಂದು ಹೆಸರು ಹೊರಗುಳಿಯುತ್ತದೆ. 1919-20ರ ಋತುವಿನ ಮೊದಲ ಪಂದ್ಯವನ್ನು ಕಾರ್ಲ್ ಶ್ಲೇಡ್‌ಮನ್ ನಡೆಸಿ, ಗೆದ್ದು, ತಮ್ಮ ನಿಜವಾದ ಕ್ಷೇತ್ರವಾದ ಅಥ್ಲೆಟಿಕ್ಸ್ ಕಡೆಗೆ ಮರಳಿದರು. ಮಿಕ್ಕ ಋತುವನ್ನು ಆಲನ್ ವಹಿಸಿಕೊಂಡರು. ಪಟ್ಟಿಯಲ್ಲಿ ಅವರಿಗೆ ಸ್ಥಾನವಿಲ್ಲದಿದ್ದರೂ ನಿಮ್ಮ ಬರಹದಲ್ಲಿ ಅರ್ಧ ಸಾಲು ಇರಲಿ. ಒಂದೇ ಪಂದ್ಯ ಆಡಿಸಿ ಒಂದನ್ನೂ ಸೋಲದೆ ಹೋದ ಕೋಚ್ ಎಲ್ಲ ತಂಡಗಳಿಗೂ ಸಿಗುವುದಿಲ್ಲ.

ವರ್ಷಗಳನ್ನು ಬರೆಯುವ ಬಗೆಯನ್ನೂ ಇಲ್ಲಿಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತುವು ನವೆಂಬರ್ ಆಸುಪಾಸಿನಲ್ಲಿ ಆರಂಭವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ. ಕಾನ್ಸಾಸ್‌ನ ಹೆಸರಾಂತ ಆಟಗಾರ ವಿಲ್ಟ್ ಚೇಂಬರ್ಲಿನ್ ತಂಡದ ಪರವಾಗಿ ಮೊದಲ ಪಂದ್ಯವಾಡಿದ್ದು 1956ರ ಡಿಸೆಂಬರ್‌ನಲ್ಲಿ, ಫೈನಲ್ ಸೋತದ್ದು 1957ರ ಮಾರ್ಚ್‌ನಲ್ಲಿ. ಎರಡೂ ಒಂದೇ ಋತು. ರಣಜಿ ಟ್ರೋಫಿಯ ದಾಖಲೆಗಳನ್ನು ಓದಿದವರಿಗೆ ಈ ಗೊಂದಲ ಹೊಸದಲ್ಲ. ಋತುವನ್ನು ಯಾವಾಗಲೂ 1956-57 ಎಂದು ಜೋಡಿಯಾಗಿ ಬರೆದು, ಪಂದ್ಯದ ದಿನವನ್ನು ಮಾತ್ರ ಒಂಟಿ ವರ್ಷದಲ್ಲಿ ಬರೆದರೆ ಮುಂದೆ ಬರುವ ಅರ್ಧ ತಪ್ಪುಗಳು ತಾವಾಗಿಯೇ ನಿಂತುಹೋಗುತ್ತವೆ.

ಆಟದ ಹುಟ್ಟನ್ನೂ ತಂಡದ ಹುಟ್ಟನ್ನೂ ಬೆರೆಸಬೇಡಿ

ಕಾನ್ಸಾಸ್ ತಂಡದ ವಿಶೇಷವೆಂದರೆ ಆ ಆಟವನ್ನು ಕಂಡುಹಿಡಿದವರೇ ಅದರ ಮೊದಲ ತರಬೇತುದಾರರು. ಈ ಸಂಗತಿ ಎಷ್ಟು ಆಕರ್ಷಕವಾಗಿದೆಯೆಂದರೆ, ಬರೆಯುವವರು ಆಟದ ಕಥೆಯಲ್ಲೇ ಮುಳುಗಿ ತಂಡವನ್ನು ಮರೆಯುತ್ತಾರೆ. ಕೆನಡಾದ ಆಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಹದಿಮೂರು ನಿಯಮಗಳೊಡನೆ ರೂಪಿಸಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲ್ಗ್ಯಾಲರಿಯ ಅಂಚಿಗೆ ಹೊಡೆಸಿದರು. ಇದು ಆಟದ ಹುಟ್ಟು. ಅವರು ಲಾರೆನ್ಸ್‌ಗೆ ಬಂದದ್ದು ಏಳು ವರ್ಷಗಳ ಅನಂತರ, 1898ರಲ್ಲಿ. ತಂಡದ ಮೊದಲ ಪಂದ್ಯ ನಡೆದದ್ದು 1899ರ ಫೆಬ್ರವರಿ 3ರಂದು. ಕಾನ್ಸಾಸ್ ಸಿಟಿಯ ವೈಎಂಸಿಎ ತಂಡದ ಎದುರು 16-5ರಿಂದ ಸೋಲು. ನಿಮ್ಮ ಚರಿತ್ರೆ ಈ ಸೋಲಿನಿಂದ ಆರಂಭವಾಗಲಿ. ಪೀಚ್ ಬುಟ್ಟಿಗೆ ಒಂದು ಪ್ಯಾರಾ ಸಾಕು.

ನೈಸ್ಮಿತ್ ಅವರ ದಾಖಲೆ 55 ಗೆಲುವು, 60 ಸೋಲು. ಗೆಲುವಿಗಿಂತ ಸೋಲೇ ಹೆಚ್ಚಾದ ಏಕೈಕ ಕಾನ್ಸಾಸ್ ತರಬೇತುದಾರ ಎಂದರೆ ಆಟವನ್ನು ಕಂಡುಹಿಡಿದವರೇ, ಎಂಬ ನಗೆಮಾತು ಪ್ರತಿ ಲೇಖನದಲ್ಲೂ ಬರುತ್ತದೆ. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ; ಆದರೆ ಮೂರು ಪ್ರಶ್ನೆಗಳನ್ನು ಅದಕ್ಕೂ ಹಾಕಿ ನೋಡಬೇಕು. ವೈದ್ಯ ಪದವಿ ಪಡೆದಿದ್ದ ಅವರನ್ನು ವಿಶ್ವವಿದ್ಯಾಲಯ ಕರೆಸಿಕೊಂಡದ್ದು ಪ್ರಾರ್ಥನಾ ಮಂದಿರದ ನಿರ್ದೇಶಕರಾಗಿ ಮತ್ತು ದೈಹಿಕ ಶಿಕ್ಷಣದ ಅಧ್ಯಾಪಕರಾಗಿ, ಪಂದ್ಯ ಗೆಲ್ಲಿಸುವ ಕೋಚ್ ಆಗಿ ಅಲ್ಲ. ಆ ದಿನಗಳಲ್ಲಿ ತಂಡ ಕಟ್ಟಿದ್ದ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದುದರಿಂದ ಎದುರಾಳಿಗಳಲ್ಲಿ ವೈಎಂಸಿಎ ತಂಡಗಳೂ ಸೇರಿದ್ದವು, ಕೆಲವೊಮ್ಮೆ ನೈಸ್ಮಿತ್ ತಾವೇ ತೀರ್ಪುಗಾರರಾಗಿ ನಿಲ್ಲುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಆಡುವ ಆಟವೇ ಹೊರತು ಅದಕ್ಕೆ ಕೋಚ್ ಬೇಕಿಲ್ಲ ಎಂದು ಅವರು ಆಲನ್‌ಗೆ ಹೇಳಿದರೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಇಂಥ ಕಥೆಗಳನ್ನು "ಎಂದು ಹೇಳಲಾಗುತ್ತದೆ" ಎಂಬ ಬೇಲಿಯೊಳಗೆ ಇಟ್ಟು ಬರೆಯಿರಿ. ಆಗ 55-60 ಎಂಬ ಅಂಕಿ ವೈಫಲ್ಯದ ಗುರುತಾಗದೆ, ಕೋಚ್ ಎಂಬ ಹುದ್ದೆಯೇ ಇನ್ನೂ ರೂಪುಗೊಳ್ಳದಿದ್ದ ಕಾಲದ ಗುರುತಾಗಿ ಕಾಣುತ್ತದೆ.

ಪಕ್ಕದಲ್ಲೇ ನಿಯಮಗಳ ಅಂಕಣವೊಂದು ಇರಲಿ

ನನ್ನ ಅಭಿಪ್ರಾಯದಲ್ಲಿ ಈ ಇಡೀ ಕೆಲಸದ ಹೃದಯ ಇಲ್ಲಿದೆ. ಕಾಲರೇಖೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು, ಆಟದ ನಿಯಮಗಳು ಬದಲಾದ ವರ್ಷಗಳನ್ನು ಅದರಲ್ಲಿ ಬರೆದುಕೊಳ್ಳಿ. 1937ರವರೆಗೆ ಪ್ರತಿ ಬುಟ್ಟಿಯ ಅನಂತರ ಚೆಂಡನ್ನು ಮತ್ತೆ ನಡುವಿಗೆ ತಂದು ಎಸೆದು ಆಟ ಆರಂಭಿಸಬೇಕಾಗಿತ್ತು. ಆದ್ದರಿಂದ ಅಂಕಗಳು ಕಡಿಮೆ. ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಡಂಕ್ 1967ರಿಂದ 1976ರವರೆಗೆ ಕಾಲೇಜು ಆಟದಲ್ಲಿ ನಿಷಿದ್ಧವಾಗಿತ್ತು. ಇಂತಿಷ್ಟು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಗಡಿಯಾರ 1985-86ರಲ್ಲಿ ಬಂತು, ಆಗ 45 ಸೆಕೆಂಡ್. ಅದು 1993ರಲ್ಲಿ 35ಕ್ಕೂ 2015ರಲ್ಲಿ 30ಕ್ಕೂ ಇಳಿಯಿತು. ದೂರದಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ ದೇಶದಾದ್ಯಂತ ಜಾರಿಯಾದದ್ದು 1986-87ರಲ್ಲಿ.

ಈ ಅಂಕಣವಿಲ್ಲದೆ 1957ರ ಫೈನಲ್ ಅರ್ಥವಾಗುವುದಿಲ್ಲ. ಮಾರ್ಚ್ 23ರಂದು ಕಾನ್ಸಾಸ್ ಸಿಟಿಯಲ್ಲಿ ನಡೆದ ಆ ಪಂದ್ಯವನ್ನು ಕಾನ್ಸಾಸ್ ತಂಡ ನಾರ್ತ್ ಕೆರೊಲಿನಾಗೆ 54-53ರಿಂದ, ಒಂದೇ ಅಂಕದಿಂದ ಸೋತಿತು. ಅದು ಮೂರು ಹೆಚ್ಚುವರಿ ಅವಧಿಗಳವರೆಗೆ ಬೆಳೆದಿತ್ತು, ಅಂದರೆ ನಲವತ್ತು ನಿಮಿಷಕ್ಕೆ ಇನ್ನೂ ಹದಿನೈದು ಸೇರಿ ಐವತ್ತೈದು ನಿಮಿಷಗಳ ಆಟ. ಎರಡೂ ತಂಡಗಳು ಸೇರಿ ಗಳಿಸಿದ್ದು ಬರೀ 107 ಅಂಕ. ಇಂದಿನ ಓದುಗ ಇದನ್ನು ನೋಡಿ ಆಟಗಾರರು ಗುರಿಯಿಡಲಾರದವರಾಗಿದ್ದರೆಂದು ತಿಳಿದಾನು. ನಿಜವಾಗಿ ಆಗ ಗಡಿಯಾರದ ಒತ್ತಡವಿರಲಿಲ್ಲ. ಚೇಂಬರ್ಲಿನ್‌ನಂಥ ಏಳಡಿ ಎತ್ತರದವನಿಗೆ ಚೆಂಡು ಸಿಗದಂತೆ ನೋಡಿಕೊಳ್ಳುವುದೂ ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಕಾಲ ಸವೆಸುವುದೂ ಪೂರ್ತಿ ನ್ಯಾಯಸಮ್ಮತ ಉಪಾಯಗಳಾಗಿದ್ದವು. ಪಂದ್ಯದ ಆರಂಭದ ಚೆಂಡೆಸೆತಕ್ಕೆ ಚೇಂಬರ್ಲಿನ್ ಎದುರು ನಾರ್ತ್ ಕೆರೊಲಿನಾದ ಕೋಚ್ ಫ್ರ್ಯಾಂಕ್ ಮೆಗ್ವೈರ್ ಬೇಕೆಂದೇ ತಂಡದ ಕುಳ್ಳ ಆಟಗಾರ ಟಾಮಿ ಕರ್ನ್ಸ್‌ನನ್ನು ನಿಲ್ಲಿಸಿದರು. ಇಂಥ ವಿವರ ಒಂದು ಸಾಲಿನಲ್ಲಿ ಇಡೀ ತಂತ್ರವನ್ನು ಹೇಳಿಬಿಡುತ್ತದೆ. ಹುಡುಕಿ ತೆಗೆಯಬೇಕಾದದ್ದು ಇಂಥವನ್ನೇ.

ಚೇಂಬರ್ಲಿನ್ ಅವರ ಒಟ್ಟು ಅಂಕಗಳನ್ನು ಇಂದಿನ ಆಟಗಾರರೊಡನೆ ಹೋಲಿಸುವ ಮುನ್ನವೂ ನಿಯಮದ ಅಂಕಣ ನೋಡಬೇಕು. ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ; ಆ ನಿರ್ಬಂಧ ತೆರವಾದದ್ದು 1972ರಲ್ಲಿ. ಹೀಗಾಗಿ 1955ರ ನವೆಂಬರ್‌ನಲ್ಲಿ ಅವರು ಆಡಿದ್ದು ಮೊದಲ ವರ್ಷದವರ ತಂಡದ ಪರವಾಗಿ, ತಮ್ಮದೇ ವಿಶ್ವವಿದ್ಯಾಲಯದ ಮುಖ್ಯ ತಂಡದ ವಿರುದ್ಧ. 42 ಅಂಕ ಗಳಿಸಿ ಹಿರಿಯರನ್ನು 81-71ರಿಂದ ಸೋಲಿಸಿದರು. ಇದು ಅಧಿಕೃತ ದಾಖಲೆಗೆ ಸೇರದ ಪಂದ್ಯ. ಮುಂದಿನ ವರ್ಷ ನಾರ್ತ್‌ವೆಸ್ಟರ್ನ್ ವಿರುದ್ಧ ಮೊದಲ ಅಧಿಕೃತ ಪಂದ್ಯದಲ್ಲಿ 52 ಅಂಕ, 31 ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು). ಎರಡೇ ಋತು ಆಡಿ 1958ರಲ್ಲಿ ಅವರು ವಿಶ್ವವಿದ್ಯಾಲಯವನ್ನು ಬಿಟ್ಟರು. ಎರಡು ಋತುಗಳ ಮೊತ್ತವನ್ನು ನಾಲ್ಕು ಋತು ಆಡಿದ, 1988ರ ಚಾಂಪಿಯನ್ ತಂಡದ ಡ್ಯಾನಿ ಮ್ಯಾನಿಂಗ್ ಅವರ ಮೊತ್ತದ ಪಕ್ಕದಲ್ಲಿಟ್ಟು ಯಾರು ದೊಡ್ಡವರು ಎಂದು ಕೇಳುವುದು ಎತ್ತಿಗೂ ಏತಕ್ಕೂ ಪೈಪೋಟಿ ಹಚ್ಚಿದಂತೆ.

ಕಟ್ಟಡಗಳನ್ನು ಸಾಕ್ಷಿಗಳೆಂದು ತಿಳಿಯಿರಿ

ತಂಡ ಆಡಿದ ಕಟ್ಟಡಗಳ ಕ್ರಮವನ್ನು ಬರೆದುಕೊಂಡರೆ ಆಟದ ಜನಪ್ರಿಯತೆ ಬೆಳೆದ ಬಗೆ ತಾನಾಗಿ ಕಾಣುತ್ತದೆ: 1907ರಿಂದ ರಾಬಿನ್ಸನ್ ವ್ಯಾಯಾಮಶಾಲೆ, 1927ರಿಂದ ಹೋಕ್ ಸಭಾಂಗಣ, 1955ರ ಮಾರ್ಚ್ 1ರಂದು ಕಾನ್ಸಾಸ್ ಸ್ಟೇಟ್ ವಿರುದ್ಧ 77-67ರ ಗೆಲುವಿನೊಡನೆ ಉದ್ಘಾಟನೆಯಾದ ಆಲನ್ ಫೀಲ್ಡ್‌ಹೌಸ್. ಆಲನ್ ಇನ್ನೂ ಹುದ್ದೆಯಲ್ಲಿ ಇರುವಾಗಲೇ ಆ ಕಟ್ಟಡಕ್ಕೆ ಅವರ ಹೆಸರಿಟ್ಟರು. ಮರುವರ್ಷ ಎಪ್ಪತ್ತು ತುಂಬಿದ್ದಕ್ಕೆ ಕಡ್ಡಾಯ ನಿವೃತ್ತಿಯ ನಿಯಮ ಅವರನ್ನು ಅದೇ ಕಟ್ಟಡದಿಂದ ಹೊರಗೆ ಕಳಿಸಿತು. ಚೇಂಬರ್ಲಿನ್ ಅವರನ್ನು ಲಾರೆನ್ಸ್‌ಗೆ ಕರೆತಂದ ಮುದುಕನಿಗೆ ಅವರ ಒಂದು ಅಧಿಕೃತ ಪಂದ್ಯವನ್ನೂ ಆಡಿಸುವ ಭಾಗ್ಯ ಸಿಗಲಿಲ್ಲ. ಕಟ್ಟಡ ಆಲನ್ ಹೆಸರಿನದು, ಅದರೊಳಗಿನ ಆಟದ ಅಂಗಳ ನೈಸ್ಮಿತ್ ಹೆಸರಿನದು. ಹೋಕ್ ಸಭಾಂಗಣಕ್ಕೆ 1991ರ ಜೂನ್‌ನಲ್ಲಿ ಸಿಡಿಲು ಬಡಿದು ಬೆಂಕಿ ಬಿದ್ದಿತು. ಮುಂಭಾಗ ಮಾತ್ರ ಉಳಿದು, ಹಿಂದೆ ಹೊಸ ಕಟ್ಟಡ ಎದ್ದಿತು. 1952ರ ಚಾಂಪಿಯನ್ ತಂಡದ ಆಟಗಾರ ಕ್ಲೈಡ್ ಲವ್‌ಲೆಟ್ ಕಾಲದ ಆಟದ ಅಂಗಳ ಹೇಗಿತ್ತೆಂದು ತಿಳಿಯಲು ಈಗ ಹಳೆಯ ಛಾಯಾಚಿತ್ರಗಳೇ ಗತಿ.

ಗುರುಪರಂಪರೆ, ಮತ್ತು ಅದರ ಅಪಾಯ

ಸಂಗೀತದ ಮನೆತನಗಳ ಬಗ್ಗೆ ಓದಿದ ಕನ್ನಡಿಗರಿಗೆ ಕಾನ್ಸಾಸ್‌ನ ಚರಿತ್ರೆ ತಟ್ಟನೆ ಪರಿಚಿತವೆನಿಸುತ್ತದೆ. ನೈಸ್ಮಿತ್ ಶಿಷ್ಯ ಆಲನ್. ಆಲನ್ ಕೈಕೆಳಗೆ ಆಡಿದವರು ಅಡಾಲ್ಫ್ ರಪ್ ಮತ್ತು ಡೀನ್ ಸ್ಮಿತ್. ರಪ್ ಕೆಂಟಕಿಯನ್ನೂ ಸ್ಮಿತ್ ನಾರ್ತ್ ಕೆರೊಲಿನಾವನ್ನೂ ದೊಡ್ಡ ಹೆಸರುಗಳನ್ನಾಗಿ ಮಾಡಿದರು. ಸ್ಮಿತ್ ಕೈಕೆಳಗೆ ಆಡಿದ್ದ ಲ್ಯಾರಿ ಬ್ರೌನ್ ಮತ್ತು ಸ್ಮಿತ್ ಅವರ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್ ಒಬ್ಬರ ಹಿಂದೊಬ್ಬರು ಕಾನ್ಸಾಸ್‌ಗೆ ಬಂದರು. ಬ್ರೌನ್ ಬಳಿ ಸಹಾಯಕರಾಗಿ ಒಂದು ಋತು ಕಳೆದಿದ್ದ ಬಿಲ್ ಸೆಲ್ಫ್ 2003ರಲ್ಲಿ ತರಬೇತುದಾರರಾದರು. ಆ ವರ್ಷ ವಿಲಿಯಮ್ಸ್ ತಮ್ಮ ಗುರುವಿನ ನಾರ್ತ್ ಕೆರೊಲಿನಾಗೆ ಮರಳಿದ್ದರು. 2022ರ ಫೈನಲ್‌ನಲ್ಲಿ ಕಾನ್ಸಾಸ್ ಸೋಲಿಸಿದ್ದು ನಾರ್ತ್ ಕೆರೊಲಿನಾವನ್ನೇ.

ಈ ಸರಪಣಿ ಸುಂದರವಾಗಿದೆ, ನಿಜವೂ ಆಗಿದೆ. ಆದರೆ ವಂಶಾವಳಿ ಬರೆಯುವಾಗ ಅದರೊಳಗೆ ಸೇರಿಸಿಕೊಳ್ಳದವರ ಹೆಸರನ್ನು ಪ್ರತ್ಯೇಕವಾಗಿ ಹುಡುಕಬೇಕು. ಜಾನ್ ಮೆಕ್‌ಲೆಂಡನ್ 1930ರ ದಶಕದಲ್ಲಿ ಕಾನ್ಸಾಸ್‌ನಲ್ಲಿ ದೈಹಿಕ ಶಿಕ್ಷಣ ಓದಿ, ನೈಸ್ಮಿತ್ ಅವರಿಂದ ನೇರವಾಗಿ ಕಲಿತರು. ಕಪ್ಪು ಜನರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಅವಕಾಶವಿಲ್ಲದ ಕಾರಣ ಅವರು ಒಂದು ಪಂದ್ಯವನ್ನೂ ಆಡಲಿಲ್ಲ, ಆದ್ದರಿಂದ ಆಟಗಾರರ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಮುಂದೆ ತರಬೇತುದಾರರಾಗಿ ವೇಗದ ಆಟವನ್ನು ಬೆಳೆಸಿದ ಅವರು ಆಟದ ಮಹನೀಯರನ್ನು ಗೌರವಿಸುವ, ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ ಎರಡು ಸಲ ಸೇರಿದರು, 1979ರಲ್ಲಿ ಆಟಕ್ಕೆ ಕೊಡುಗೆ ನೀಡಿದವರಾಗಿ, 2016ರಲ್ಲಿ ಕೋಚ್ ಆಗಿ. ಕಾನ್ಸಾಸ್ ತಂಡದ ಮೊದಲ ಕಪ್ಪು ಆಟಗಾರ ಲವಾನಸ್ ಸ್ಕ್ವಾಯರ್ಸ್; 1952ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿ ಅವರಿದ್ದರು. ಕ್ಲೈಡ್ ಲವ್‌ಲೆಟ್ ಆ ಋತುವಿನಲ್ಲಿ ದೇಶದಲ್ಲೇ ಅತಿ ಹೆಚ್ಚು ಅಂಕ ಗಳಿಸಿದರೆಂದೂ, ಸೇಂಟ್ ಜಾನ್ಸ್ ತಂಡವನ್ನು ಫೈನಲ್‌ನಲ್ಲಿ 80-63ರಿಂದ ಸೋಲಿಸಿದರೆಂದೂ, ಏಳು ಮಂದಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ ಚಿನ್ನ ತಂದರೆಂದೂ ಬರೆಯುವ ಪುಟದಲ್ಲಿಯೇ ಸ್ಕ್ವಾಯರ್ಸ್ ಹೆಸರೂ ಇರಬೇಕು, ಬೇರೆ ಪೆಟ್ಟಿಗೆಯಲ್ಲಿ ಅಲ್ಲ. ಐದು ವರ್ಷಗಳ ಅನಂತರ ಡಲ್ಲಾಸ್‌ನಲ್ಲಿ ನಡೆದ ಪ್ರಾದೇಶಿಕ ಪಂದ್ಯಗಳಲ್ಲಿ ಚೇಂಬರ್ಲಿನ್ ಪ್ರೇಕ್ಷಕರಿಂದ ಜನಾಂಗೀಯ ಬೈಗುಳ ಕೇಳಬೇಕಾಯಿತು ಎಂಬುದೂ ಪಂದ್ಯದ ವರದಿಯ ಭಾಗವೇ.

ಅಳಿಸಿದ ಗೆಲುವುಗಳನ್ನು ಏನು ಮಾಡಬೇಕು

ಅಭಿಮಾನಿಗಳು ಬರೆದ ಚರಿತ್ರೆಗಳು ಇಲ್ಲಿಗೆ ಬಂದಾಗ ಮೌನವಾಗುತ್ತವೆ. 1988ರಲ್ಲಿ ಹನ್ನೊಂದು ಪಂದ್ಯ ಸೋತಿದ್ದ ತಂಡವೊಂದು, ಆ ಋತುವಿನಲ್ಲಿ ತನ್ನನ್ನು ಎರಡು ಸಲ ಸೋಲಿಸಿದ್ದ ಒಕ್ಲಹೋಮಾವನ್ನು 83-79ರಿಂದ ಮಣಿಸಿ ಪ್ರಶಸ್ತಿ ಗೆದ್ದಿತು; ಮ್ಯಾನಿಂಗ್ 31 ಅಂಕ, 18 ರೀಬೌಂಡ್. ಅದನ್ನು ಪವಾಡವೆಂದು ಬರೆಯುವವರು, ಆಟಗಾರರನ್ನು ಸೆಳೆಯುವಲ್ಲಿ ನಡೆದ ನಿಯಮಭಂಗಕ್ಕಾಗಿ 1989ರ ಟೂರ್ನಿಯಿಂದ ತಂಡವನ್ನು ಹೊರಗಿಟ್ಟರೆಂಬುದನ್ನು ಮುಂದಿನ ವಾಕ್ಯದಲ್ಲೇ ಬರೆಯಬೇಕು. ಹಿಂದಿನ ವರ್ಷದ ಚಾಂಪಿಯನ್‌ಗೆ ಟೂರ್ನಿಯಲ್ಲಿ ಪ್ರವೇಶ ನಿರಾಕರಿಸಿದ್ದು ಅದೇ ಮೊದಲು.

2017-18ರ ಸಂಗತಿ ಇನ್ನೂ ಸೂಕ್ಷ್ಮ. ಆ ಋತುವಿನಲ್ಲಿ ತಂಡ ರಾಷ್ಟ್ರೀಯ ಸೆಮಿಫೈನಲ್ ತಲುಪಿತ್ತು. 2023ರ ಅಕ್ಟೋಬರ್‌ನಲ್ಲಿ ನಿಯಮಭಂಗದ ಪ್ರಕರಣದಲ್ಲಿ ಹೊರಬಿದ್ದ ತೀರ್ಪಿನಂತೆ ಆ ಋತುವಿನ ಹದಿನೈದು ಗೆಲುವುಗಳನ್ನೂ ಸೆಮಿಫೈನಲ್ ಪ್ರವೇಶವನ್ನೂ ದಾಖಲೆಯಿಂದ ತೆಗೆಯಲಾಯಿತು. ಹೀಗೆ ತೆಗೆದುಹಾಕಿದರೆ ಎದುರಾಳಿ ಗೆದ್ದಂತಾಗುವುದಿಲ್ಲ. ಆ ಗೆಲುವು ಕಾನ್ಸಾಸ್‌ನ ಲೆಕ್ಕದಲ್ಲಿಲ್ಲ ಎಂದಷ್ಟೇ ಅರ್ಥ. ಪಂದ್ಯ ನಡೆದದ್ದೂ ಸತ್ಯ, ದಾಖಲೆಯಲ್ಲಿ ಇಲ್ಲದಿರುವುದೂ ಸತ್ಯ. ಚರಿತ್ರೆಕಾರ ಎರಡನ್ನೂ ಹೇಳಿ, ಯಾವುದು ಯಾವುದೆಂದು ಗುರುತು ಹಾಕಬೇಕು. ಇದರಿಂದ ಬರುವ ವ್ಯಾವಹಾರಿಕ ಎಚ್ಚರಿಕೆಯೊಂದಿದೆ: ಆ ತೀರ್ಪಿಗೆ ಮೊದಲು ಮುದ್ರಣವಾದ ಯಾವುದೇ ಪುಸ್ತಕದ ಒಟ್ಟು ಗೆಲುವಿನ ಸಂಖ್ಯೆಯನ್ನು ಹಾಗೆಯೇ ಎತ್ತಿ ಬರೆಯುವಂತಿಲ್ಲ.

ಆಕರಗಳು ಮತ್ತು ಪಂದ್ಯದ ವರ್ಣನೆ

ವಿಶ್ವವಿದ್ಯಾಲಯದ ಹಳೆಯ ಕಾಗದಪತ್ರಗಳು ಸ್ಪೆನ್ಸರ್ ಸಂಶೋಧನಾ ಗ್ರಂಥಾಲಯದಲ್ಲಿವೆ. ವಿದ್ಯಾರ್ಥಿಗಳ ಪತ್ರಿಕೆ ಡೈಲಿ ಕಾನ್ಸನ್, ಊರಿನ ಪತ್ರಿಕೆ ಜರ್ನಲ್-ವರ್ಲ್ಡ್, ವಾರ್ಷಿಕ ಸಂಪುಟ ಜೇಹಾಕರ್ ಮೂರೂ ಬೇಕು. ಎದುರಾಳಿಯ ಊರಿನ ಪತ್ರಿಕೆಯನ್ನು ಓದದೆ ಯಾವ ಸೋಲನ್ನೂ ಬರೆಯಬೇಡಿ. ಗೆದ್ದ ಊರಿನವರು ಎದುರಾಳಿಯನ್ನು ಧಾರಾಳವಾಗಿ ಹೊಗಳುತ್ತಾರೆ, ಸೋತ ಊರಿನವರು ತೀರ್ಪುಗಾರನನ್ನು ಹುಡುಕುತ್ತಾರೆ. ನೈಸ್ಮಿತ್ ಬರೆದ ಮೂಲ ನಿಯಮಗಳ ಹಾಳೆಗಳು 2010ರಲ್ಲಿ ಹರಾಜಿಗೆ ಬಂದಾಗ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 43 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡರು. ಅವು ಈಗ ಫೀಲ್ಡ್‌ಹೌಸ್ ಪಕ್ಕದ ಡಿಬ್ರೂಸ್ ಕೇಂದ್ರದಲ್ಲಿವೆ.

ಎಲ್ಲ ಪಂದ್ಯಗಳನ್ನೂ ವರ್ಣಿಸಲು ಹೋಗಬೇಡಿ. ನಾಲ್ಕೈದನ್ನು ಆರಿಸಿಕೊಂಡು ಕಾರಣ-ಪರಿಣಾಮ ಕಾಣುವಂತೆ ಬರೆಯಿರಿ. 2008ರ ಫೈನಲ್ ಎಂದರೆ ಮಾರಿಯೊ ಚಾಮರ್ಸ್ 2.1 ಸೆಕೆಂಡ್ ಉಳಿದಿರುವಾಗ ಹಾಕಿದ ಮೂರು ಅಂಕದ ಬುಟ್ಟಿ ಎಂದು ಎಲ್ಲರೂ ನೆನೆಯುತ್ತಾರೆ. ಆದರೆ ಅದಕ್ಕೆ ಸುಮಾರು ಎರಡು ನಿಮಿಷ ಮೊದಲು ಎದುರಾಳಿ ಮೆಂಫಿಸ್ ಒಂಬತ್ತು ಅಂಕಗಳಿಂದ ಮುಂದಿತ್ತು. ಶೆರಾನ್ ಕಾಲಿನ್ಸ್ ಚೆಂಡನ್ನು ಕಸಿದು ಮೂರು ಅಂಕ ಗಳಿಸದಿದ್ದರೆ, ಮೆಂಫಿಸ್ ಆಟಗಾರರು ಕೊನೆಯಲ್ಲಿ ಫ್ರೀ ಥ್ರೋಗಳನ್ನು ತಪ್ಪಿಸದಿದ್ದರೆ ಆ ಬುಟ್ಟಿಗೆ ಅವಕಾಶವೇ ಇರುತ್ತಿರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಕಾನ್ಸಾಸ್ 75-68ರಿಂದ ಗೆದ್ದಿತು. ಕೊನೆಯ ಎಸೆತದಿಂದ ಹಿಂದಕ್ಕೆ ನಡೆಯುತ್ತಾ ಬರೆದರೆ ಪಂದ್ಯ ತನ್ನ ಕಥೆಯನ್ನು ತಾನೇ ಹೇಳುತ್ತದೆ. 2022ರಲ್ಲಿ ಅರ್ಧ ವಿರಾಮಕ್ಕೆ 40-25ರಿಂದ ಹಿಂದಿದ್ದ ತಂಡ 72-69ರಿಂದ ಗೆದ್ದದ್ದನ್ನು ಬರೆಯುವಾಗಲೂ ಇದೇ ಕ್ರಮ ಕೆಲಸಕ್ಕೆ ಬರುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಕಾನ್ಸಾಸ್ ತಂಡದ ಹೆಸರಾದ ಜೇಹಾಕ್ ಎಂಬುದು ನಿಜವಾದ ಹಕ್ಕಿಯಲ್ಲ. ಅಂತರ್ಯುದ್ಧಕ್ಕೆ ಮೊದಲು ಗುಲಾಮಗಿರಿಯ ಪ್ರಶ್ನೆಯಲ್ಲಿ ನೆರೆಯ ಮಿಸೌರಿ ರಾಜ್ಯದೊಡನೆ ನಡೆದ ಗಡಿಕಾಳಗದ ಕಾಲದ ಹೆಸರು. ಫಾಗ್ ಎಂಬುದು ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆಯಂತಿದ್ದ ಆಲನ್ ದನಿಗೆ ಬಿದ್ದ ಅಡ್ಡಹೆಸರು. ಪ್ರೇಕ್ಷಕರು ನಿಧಾನವಾಗಿ ಹಾಡುವ "ರಾಕ್ ಚಾಕ್ ಜೇಹಾಕ್" ಘೋಷ ಬ್ಯಾಸ್ಕೆಟ್‌ಬಾಲ್‌ಗಿಂತ ಹಳೆಯದು. 1886ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೇಲಿ ಮತ್ತು ಅವರ ವಿಜ್ಞಾನ ಗೆಳೆಯರು ಹುಟ್ಟುಹಾಕಿದ್ದು. ಇವನ್ನು ಕನ್ನಡಕ್ಕೆ ಅನುವಾದಿಸದೆ, ಮೊದಲ ಸಲ ಬಂದಾಗ ಅರ್ಧ ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಸಾಕು.

ಕರ್ನಾಟಕದ ಯಾವುದಾದರೂ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ತಂಡದ ಚರಿತ್ರೆಯನ್ನು ಬರೆಯಬೇಕೆಂದಿರುವವರಿಗೂ ಈ ಕ್ರಮ ಒಗ್ಗುತ್ತದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಟ ಹುಟ್ಟಿಸಿದ ವೈಎಂಸಿಎಯೇ ಅದನ್ನು ಭಾರತಕ್ಕೂ ತಂದಿತು. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ಕಟ್ಟಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣದ ಅನೇಕ ಕ್ರೀಡಾ ಅಧ್ಯಾಪಕರನ್ನು ಸಿದ್ಧಗೊಳಿಸಿತು. ನಮ್ಮಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗಳು, ಕ್ರೀಡಾ ವಿಭಾಗದ ಗೋಡೆಯ ಮೇಲಿನ ಗುಂಪು ಚಿತ್ರಗಳು ಮತ್ತು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಪತ್ರಿಕಾ ವರದಿಗಳೇ ಮುಖ್ಯ ಆಕರ. ಚಿತ್ರದ ಹಿಂಬದಿಯಲ್ಲಿ ಹೆಸರುಗಳಿದ್ದರೆ ಮೊದಲು ಅವನ್ನು ನಕಲು ಮಾಡಿಕೊಳ್ಳಿ, ಏಕೆಂದರೆ ಶಾಯಿ ಚಿತ್ರಕ್ಕಿಂತ ಬೇಗ ಮಾಸುತ್ತದೆ.

ಕೊನೆಯಲ್ಲಿ ಚರಿತ್ರೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತೀರ್ಮಾನಿಸಿ. ನಡೆಯುತ್ತಿರುವ ಋತುವನ್ನು ಒಳಗೆ ಸೇರಿಸಿಕೊಂಡರೆ ಬರಹ ಮುಗಿಯುವ ಮೊದಲೇ ಹಳತಾಗುತ್ತದೆ. ಮುಗಿದ ಒಂದು ಋತುವಿನ ಕೊನೆಯ ಪಂದ್ಯವನ್ನು ಗಡಿಯಾಗಿಟ್ಟುಕೊಂಡು, ಒಟ್ಟು ಗೆಲುವು-ಸೋಲುಗಳ ಪ್ರತಿ ಸಂಖ್ಯೆಯ ಪಕ್ಕದಲ್ಲಿಯೂ ಅದು ಯಾವ ದಿನದವರೆಗಿನ ಲೆಕ್ಕ, ಅಳಿಸಿದ ಹದಿನೈದು ಗೆಲುವುಗಳು ಅದರಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನು ಬರೆದಿಡಿ.